ಒಂಬತ್ತು ಜನಕ್ಕೆ ಎಷ್ಟು ರೂಮು? ಇಮ್ಯಾಜಿಕಾಗೆ ಹೊರಟ ದೊಡ್ಡ ಕುಟುಂಬದ ಲೆಕ್ಕ

ರಾತ್ರಿ ಒಂಬತ್ತೂವರೆ. ಮುಂಬೈ-ಪುಣೆ ನಡುವಿನ ಖೋಪೋಲಿ ಕಡೆಯ ಒಂದು ಹೋಟೆಲಿನ ರಿಸೆಪ್ಷನ್. ಮಕ್ಕಳು ಸೋಫಾದ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಹೋಗಿದ್ದಾರೆ. ಅಮ್ಮ ಸೂಟ್‌ಕೇಸಿನ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದಾಳೆ. ಕೌಂಟರಿನ ಹುಡುಗ ನಮ್ಮನ್ನೆಲ್ಲ ಕಣ್ಣಲ್ಲೇ ಎಣಿಸಿದ. "ಮೇಡಂ, ಏಕ್ ರೂಮ್ ಮೇ ತೀನ್. ಬಾಕೀ ಕಾ ಗದ್ದಾ ಲಗೇಗಾ" ಎಂದ. ಒಂದು ರೂಮಿಗೆ ಮೂರೇ ಜನ, ಉಳಿದವರಿಗೆ ಗದ್ದಾ ಹಾಕಬೇಕಂತೆ. ಗದ್ದಾ ಅಂದರೆ ಹಾಸಿಗೆ. ಒಂದಕ್ಕೆ ಸಾವಿರ. ನಾವು ಒಂಬತ್ತು ಜನ, ಹಿಡಿದಿದ್ದು ಎರಡು ರೂಮು. ನಮಗೆ ಬೇಕಿದ್ದದ್ದು ಮೂರು ಗದ್ದಾ.

ಫೋನಲ್ಲಿ ಮಾತಾಡಿದಾಗ "ಹೋ ಜಾಯೇಗಾ", ಆಗುತ್ತೆ ಬಿಡಿ, ಅಂದಿದ್ದರು. ಏನು ಹೋ ಜಾಯೇಗಾ ಅಂತ ನಾನೂ ಕೇಳಿರಲಿಲ್ಲ. ಮೂರು ಸಾವಿರ ಕೊಟ್ಟೆವು. ಬಂದದ್ದು ಮಂಚವಲ್ಲ, ನೆಲದ ಮೇಲೆ ಹಾಸುವ ಎರಡು ಇಂಚಿನ ಸ್ಪಂಜು. ನೆಲದಲ್ಲಿ ಕೂತರೆ ಅಮ್ಮನಿಗೆ ಏಳಲು ಆಗಲ್ಲ. ಹಾಗಾಗಿ ಅಣ್ಣ-ಅತ್ತಿಗೆ ನೆಲದಲ್ಲಿ, ಅಮ್ಮ ಮಂಚದಲ್ಲಿ, ಅವಳ ಎರಡೂ ಕಡೆ ಒದೆಯುವ ಮೊಮ್ಮಕ್ಕಳು.

ನಾವು ಮುಂಬೈ ಪಕ್ಕದ ಡೊಂಬಿವಲಿಯವರು. ಹುಬ್ಬಳ್ಳಿಯಿಂದ ಅಣ್ಣನ ಕುಟುಂಬ ಬಂದಾಗೆಲ್ಲ ಮಕ್ಕಳದ್ದು ಒಂದೇ ಹಟ, ಖೋಪೋಲಿ ಹತ್ತಿರದ ಇಮ್ಯಾಜಿಕಾ ಅಮ್ಯೂಸ್‌ಮೆಂಟ್ ಪಾರ್ಕು. ಮೊದಲೆಲ್ಲ ಇಂಥ ಹಟ ಎಸ್ಸೆಲ್‌ವರ್ಲ್ಡ್‌ಗೆ ಇತ್ತು. ಮುಂಬೈಯ ಗೊರಾಯಿಯಲ್ಲಿದ್ದ ಆ ಪಾರ್ಕು 2022ರಲ್ಲಿ ಬಾಗಿಲು ಹಾಕಿತು. ಗೊರಾಯಿಗಾದರೆ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರಬಹುದಿತ್ತು. ಖಾಲಾಪುರ ತಾಲೂಕಿನ ಇಮ್ಯಾಜಿಕಾಗೆ ವಯಸ್ಸಾದವರು, ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಒಂದೇ ದಿನದಲ್ಲಿ ಹೋಗಿ ಬರುವುದು ಸುಸ್ತು. ಒಂದು ರಾತ್ರಿ ತಂಗಲೇಬೇಕು. ಆ ಒಂದು ರಾತ್ರಿಯನ್ನು ದುಡ್ಡು ಸುರಿಯದೆ ಹೇಗೆ ಕಳೆಯಬಹುದು ಅನ್ನುವುದು ನನಗೆ ಗದ್ದಾ ಪ್ರಸಂಗದ ನಂತರ ಗೊತ್ತಾಯಿತು.

ಮೊದಲು ತಲೆ ಎಣಿಸಿ, ಆದರೆ ಹೋಟೆಲಿನವರ ಹಾಗೆ

ನಾವು ಮನೆಯಲ್ಲಿ ಎಣಿಸುವುದು "ದೊಡ್ಡವರು ಐದು, ಮಕ್ಕಳು ನಾಲ್ಕು" ಅಂತ. ಹೋಟೆಲಿನ ಎಣಿಕೆ ಬೇರೆ. ನಮ್ಮ ಮಕ್ಕಳ ವಯಸ್ಸು 3, 7, 11 ಮತ್ತು 14. ಬಹಳಷ್ಟು ಹೋಟೆಲುಗಳಲ್ಲಿ 12 ದಾಟಿದರೆ ದೊಡ್ಡವರ ಲೆಕ್ಕ. ಅಂದರೆ ಹದಿನಾಲ್ಕರ ಹುಡುಗ ದೊಡ್ಡವನು. ಐದು ಆರಾಯಿತು. ಐದು ಅಥವಾ ಆರು ವರ್ಷದ ಕೆಳಗಿನವರಿಗೆ ಸಾಮಾನ್ಯವಾಗಿ ದುಡ್ಡಿಲ್ಲ. ನಡುವಿನ ವಯಸ್ಸಿನವರಿಗೆ ಹಾಸಿಗೆ ಬೇಕಾದರೆ ಒಂದು ದರ, ಬೇಡವಾದರೆ ಇನ್ನೊಂದು. ಬೇಡ ಅಂದರೂ ಬೆಳಗಿನ ನಾಷ್ಟಾಕ್ಕೆ ಬೇರೆ ಹಾಕುವವರಿದ್ದಾರೆ.

ಇಲ್ಲಿ ಒಂದು ಮೋಸವಲ್ಲದ ಮೋಸ ಇದೆ. ಮೂರು ವರ್ಷದ ಮಗುವಿಗೆ ದುಡ್ಡಿಲ್ಲ ಅಂದರೂ, ರೂಮಿಗೆ ಇಷ್ಟೇ ಜನ ಅನ್ನುವ ಲೆಕ್ಕದಲ್ಲಿ ಅದನ್ನೂ ಒಂದು ತಲೆಯಾಗಿ ಹಿಡಿಯುವ ಹೋಟೆಲುಗಳಿವೆ. ಹಾಗಾಗಿ ಎರಡು ಪ್ರಶ್ನೆ ಬೇರೆ ಬೇರೆ ಕೇಳಿ. ಮಗುವಿಗೆ ಚಾರ್ಜ್ ಎಷ್ಟು? ರೂಮಿನಲ್ಲಿ ಮಗು ಸೇರಿ ಒಟ್ಟು ಎಷ್ಟು ಜನ ಇರಬಹುದು?

ಪಾರ್ಕಿನ ಟಿಕೆಟಿಗೆ ಇದನ್ನು ಬೆರೆಸಬೇಡಿ. ಅಲ್ಲಿ ಮಕ್ಕಳನ್ನು ಅಳೆಯುವುದು ಎತ್ತರದಿಂದ, ವಯಸ್ಸಿನಿಂದಲ್ಲ. ನಮ್ಮ ಹನ್ನೊಂದರ ಹುಡುಗಿ ಹೋಟೆಲಿನಲ್ಲಿ ಮಗು, ಪಾರ್ಕಿನ ಗೇಟಿನಲ್ಲಿ ದೊಡ್ಡವಳು. ಹೊರಡುವ ಮೊದಲು ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಪೆನ್ಸಿಲಿನಿಂದ ಗುರುತು ಹಾಕಿ ಅಳೆದುಬಿಡಿ. ಗೇಟಿನಲ್ಲಿ ವಾದ ಮಾಡುವುದು ತಪ್ಪುತ್ತೆ.

ಒಂದು ಕಾಗದದಲ್ಲಿ ಎಲ್ಲರ ಹೆಸರು, ವಯಸ್ಸು, ಎತ್ತರ ಬರೆಯಿರಿ. ಪಕ್ಕದಲ್ಲಿ ಯಾರು ನೆಲದಲ್ಲಿ ಮಲಗಲಾರರು, ಯಾರಿಗೆ ಮೆಟ್ಟಿಲು ಹತ್ತಲಾಗದು, ಯಾರ ಗೊರಕೆಗೆ ಯಾರಿಗೆ ನಿದ್ದೆ ಬರಲ್ಲ, ಅದೂ ಇರಲಿ. ನಗಬೇಡಿ. ಕೊನೆಗೆ ಎಷ್ಟು ರೂಮು ಅಂತ ತೀರ್ಮಾನವಾಗುವುದು ಇದರಿಂದಲೇ.

ದಿನಾಂಕ: ನಮಗಿರುವ ಒಂದು ಅನುಕೂಲ

ಖೋಪೋಲಿ, ಲೋಣಾವಳ ಕಡೆ ದರ ಏರುವುದು ಶನಿವಾರ ರಾತ್ರಿಗೆ. ಅದೇ ರೂಮು ಭಾನುವಾರ ರಾತ್ರಿಗೆ ಸಾಕಷ್ಟು ಇಳಿದಿರುತ್ತೆ. ಮುಂಬೈ, ಪುಣೆಯವರೆಲ್ಲ ಸೋಮವಾರದ ಆಫೀಸಿಗೆ ವಾಪಸ್ ಹೊರಟಿರುತ್ತಾರಲ್ಲ. ಮಳೆಗಾಲದ ಶನಿವಾರ-ಭಾನುವಾರ ಲೋಣಾವಳದ ಹೆಸರೇ ಎತ್ತಬೇಡಿ. ಭೂಶಿ ಡ್ಯಾಮ್ ನೋಡಲು ಬಂದ ಕಾರುಗಳ ನಡುವೆ ಅರ್ಧ ದಿನ ಹೋಗುತ್ತೆ. ಡಿಸೆಂಬರ್ ಕೊನೆಯ ವಾರವೂ ಅಷ್ಟೆ.

ಊರಿನಿಂದ ನೆಂಟರು ಬರುವ ನಮ್ಮಂಥವರಿಗೆ ಇನ್ನೊಂದು ವಿಷಯ ಇದೆ. ಕರ್ನಾಟಕದ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ದಸರಾಕ್ಕೆ, ಇಲ್ಲಿಯ ಶಾಲೆಗಳಿಗೆ ದೀಪಾವಳಿಗೆ. ಅಲ್ಲಿ ಬೇಸಿಗೆ ರಜೆ ಏಪ್ರಿಲಿನಲ್ಲೇ ಶುರು, ಇಲ್ಲಿಯದು ಮೇ ಹೊತ್ತಿಗೆ. ಇಲ್ಲಿ ರಜೆ ಬಿದ್ದ ಮೇಲೆ ಹೋಟೆಲು ದುಬಾರಿ. ಅದಕ್ಕೇ ದಸರಾ ಹೊತ್ತಿನ ವಾರದ ದಿನ, ಏಪ್ರಿಲ್ ಎರಡನೇ ಭಾಗದ ವಾರದ ದಿನ, ಇವು ಹುಬ್ಬಳ್ಳಿಯ ಮಕ್ಕಳಿಗೆ ರಜೆ, ಹೋಟೆಲಿಗೆ ಮಾಮೂಲಿ ದಿನ. ನಮ್ಮ ಮಕ್ಕಳಿಗೆ ಒಂದು ಸೋಮವಾರ ಶಾಲೆ ತಪ್ಪುತ್ತೆ. ಪರೀಕ್ಷೆ ಇಲ್ಲದಿದ್ದರೆ ನಾನು ತಪ್ಪಿಸುತ್ತೇನೆ. ನನ್ನ ಗಂಡ ಇದಕ್ಕೆ ಇನ್ನೂ ಒಪ್ಪಿಲ್ಲ.

ರಾತ್ರಿ ಯಾವುದು? ಪಾರ್ಕಿನ ಹಿಂದಿನ ರಾತ್ರಿಯೋ, ನಂತರದ್ದೋ? ಮುಂಬೈ-ಪುಣೆಯಿಂದ ಹೋಗುವವರು ನಂತರದ್ದನ್ನು ಹಿಡಿಯಿರಿ. ಬೆಳಿಗ್ಗೆ ಮನೆಯಿಂದ ಹೊರಟರೆ ಪಾರ್ಕ್ ತೆಗೆಯುವ ಹೊತ್ತಿಗೆ ಅಲ್ಲಿರಬಹುದು. ಸಂಜೆ ಬಳಲಿದ ಮಕ್ಕಳನ್ನು ಅರ್ಧ ಗಂಟೆಯಲ್ಲಿ ಹಾಸಿಗೆಗೆ ಹಾಕುವುದಕ್ಕೇ ನಾವು ದುಡ್ಡು ಕೊಡುತ್ತಿರುವುದು. ಬ್ಯಾಗುಗಳನ್ನು ಬೆಳಿಗ್ಗೆಯೇ ಹೋಟೆಲಿನಲ್ಲಿ ಇಟ್ಟು ಹೋಗಬಹುದಾ ಕೇಳಿ. ಹೆಚ್ಚಿನವರು ಇಲ್ಲ ಅನ್ನಲ್ಲ.

ಎಲ್ಲಿ ಹುಡುಕುವುದು

ಪಾರ್ಕಿಗೆ ಅಂಟಿಕೊಂಡೇ ನೊವೊಟೆಲ್ ಇದೆ, 2015ರಲ್ಲಿ ಶುರುವಾದದ್ದು. ನಡೆದು ಹೋಗಬಹುದು, ಮಧ್ಯಾಹ್ನ ಪುಟ್ಟದಕ್ಕೆ ನಿದ್ದೆ ಬಂದರೆ ರೂಮಿಗೆ ಕರೆತರಬಹುದು. ನಾಲ್ಕು ಜನರ ಕುಟುಂಬಕ್ಕೆ ಸುಖ. ಒಂಬತ್ತು ಜನಕ್ಕೆ ಅದೇ ಸುಖದ ಬೆಲೆ ಎರಡು-ಮೂರು ಪಟ್ಟು. ಪಾರ್ಕ್ ಟಿಕೆಟ್ ಸೇರಿದ ಪ್ಯಾಕೇಜುಗಳು ಇಂಥ ಹೋಟೆಲುಗಳಲ್ಲಿ ಸಿಗುತ್ತವೆ. ಒಮ್ಮೆ ಬಿಡಿಸಿ ನೋಡಿ. ಅಮ್ಮ ಒಂದು ರೈಡಿಗೂ ಹತ್ತಲ್ಲ, ಮೂರು ವರ್ಷದ ಮಗುವಿಗೆ, ಎತ್ತರ ಕಡಿಮೆ ಇದ್ದರೆ, ಟಿಕೆಟ್ಟೇ ಬೇಕಾಗಲಿಕ್ಕಿಲ್ಲ. ಅವರಿಗೂ ಸೇರಿಸಿ ಪ್ಯಾಕೇಜ್ ಕಟ್ಟಿದ್ದರೆ ನಷ್ಟ. "ಬರೀ ತಂಗಲಿಕ್ಕೆ ಎಷ್ಟು, ಟಿಕೆಟ್ ಬೇರೆ ತಗೊಂಡರೆ ಎಷ್ಟು" ಅಂತ ಎರಡೂ ಸಂಖ್ಯೆ ಬರೆದು ಅಕ್ಕಪಕ್ಕ ಇಡಿ.

ಖೋಪೋಲಿ ಊರು ಪಾರ್ಕಿನಿಂದ ಹತ್ತು-ಹನ್ನೆರಡು ಕಿಲೋಮೀಟರ್. ಚಿಕ್ಕ ಹೋಟೆಲು, ಲಾಡ್ಜುಗಳು, ಪಾಲಿ ರಸ್ತೆ ಉದ್ದಕ್ಕೂ ಒಂದಷ್ಟು ರೆಸಾರ್ಟು, ಫಾರ್ಮ್‌ಹೌಸು. ನನ್ನ ಮತ ಇಲ್ಲಿಗೇ. ಲೋಣಾವಳದಲ್ಲಿ ಆಯ್ಕೆ ಜಾಸ್ತಿ, ಬಾಡಿಗೆಗೆ ಕೊಡುವ ಬಂಗಲೆಗಳೂ ಜಾಸ್ತಿ, ಆದರೆ ಪಾರ್ಕಿನಿಂದ ಸುಮಾರು 25 ಕಿಲೋಮೀಟರ್, ಅದೂ ಘಾಟಿ ಹತ್ತಿ. ರಾತ್ರಿ ಎಂಟಕ್ಕೆ ಪಾರ್ಕಿನಿಂದ ಹೊರಬಿದ್ದು ಹೊಟ್ಟೆ ತುಂಬ ಪಾವ್‌ಭಾಜಿ ತಿಂದ ಮಕ್ಕಳನ್ನು ಘಾಟಿಯ ತಿರುವಿನಲ್ಲಿ ಕರೆದೊಯ್ದರೆ ಏನಾಗುತ್ತೆ ಅಂತ ನಿಮಗೇ ಗೊತ್ತು. ಪುಣೆಯಿಂದ ಬರುವವರಿಗೆ ಮಾತ್ರ ಲೋಣಾವಳ ದಾರಿಯಲ್ಲೇ ಸಿಗುತ್ತೆ. ಅವರು ಕಾರ್ಲಾದ ಎಂಟಿಡಿಸಿ ರೆಸಾರ್ಟನ್ನೂ ನೋಡಬಹುದು, ಅದು ಮಹಾರಾಷ್ಟ್ರ ಸರ್ಕಾರದ ಪ್ರವಾಸೋದ್ಯಮ ನಿಗಮದ್ದು.

ಇನ್ನು ದೇವಸ್ಥಾನಗಳ ಭಕ್ತ ನಿವಾಸ. ಅಷ್ಟವಿನಾಯಕರಲ್ಲಿ, ಅಂದರೆ ಮಹಾರಾಷ್ಟ್ರದ ಎಂಟು ಪ್ರಸಿದ್ಧ ಗಣಪತಿಗಳಲ್ಲಿ, ಇಬ್ಬರು ಈ ರಾಯಗಡ ಜಿಲ್ಲೆಯಲ್ಲೇ ಇದ್ದಾರೆ. ಮಹಡದ ವರದವಿನಾಯಕ ಖೋಪೋಲಿಗೆ ತೀರಾ ಹತ್ತಿರ, ಪಾಲಿಯ ಬಲ್ಲಾಳೇಶ್ವರ ಸುಮಾರು 40 ಕಿಲೋಮೀಟರ್. ಅಮ್ಮಂದಿರು ಜೊತೆಗಿದ್ದರೆ ದರ್ಶನ ಹೇಗೂ ಆಗಬೇಕು. ದರ್ಶನಕ್ಕೆ ಅಂತಲೇ ಹೊರಟವರು ಭಕ್ತ ನಿವಾಸದಲ್ಲಿ ಜಾಗ ಕೇಳಬಹುದು. ಆದರೆ ಪಾರ್ಕಿನಿಂದ ರಾತ್ರಿ ಒಂಬತ್ತಕ್ಕೆ ಒದ್ದೆ ಬಟ್ಟೆ ಹಿಡಿದು ಹೋಗಿ ಬಾಗಿಲು ತಟ್ಟುವ ಜಾಗ ಅದಲ್ಲ.

ವಾಹನದಲ್ಲೂ ತಲೆ ಲೆಕ್ಕವೇ. ಖೋಪೋಲಿ ಲೋಕಲ್ ಹಿಡಿದರೆ ಡೊಂಬಿವಲಿಯಿಂದ ಖರ್ಚು ಕಡಿಮೆ. ಆದರೆ ಕರ್ಜತ್ ದಾಟಿದ ಮೇಲೆ ಗಾಡಿಗಳು ವಿರಳ, ಒಂದು ತಪ್ಪಿದರೆ ಕಾಯಬೇಕು. ಸ್ಟೇಷನ್ನಿನಿಂದ ಒಂಬತ್ತು ಜನಕ್ಕೆ ಮೂರು ರಿಕ್ಷಾ. ಏಳು ಸೀಟಿನ ಕಾರಿನಲ್ಲಿ ಡ್ರೈವರ್ ಬಿಟ್ಟು ಆರೇ ಜನ, ಅದನ್ನು ಮರೆತು ಬುಕ್ ಮಾಡುವವರು ಎಷ್ಟೋ. ಮನೆಯಿಂದಲೇ ಟೆಂಪೋ ಟ್ರಾವೆಲರ್ ಮಾಡುವುದಾದರೆ ದಿನಕ್ಕೆ ಕನಿಷ್ಠ ಎಷ್ಟು ಕಿಲೋಮೀಟರ್ ಹಿಡಿಯುತ್ತಾರೆ, ಡ್ರೈವರ್ ರಾತ್ರಿ ಭತ್ಯೆ ಎಷ್ಟು, ಟೋಲ್ ಯಾರದ್ದು, ಮೂರನ್ನೂ ಮೊದಲೇ ಕೇಳಿ. ಅಗ್ಗದ ರೂಮು ದೂರದಲ್ಲಿ ಸಿಕ್ಕಾಗ ಈ ಖರ್ಚನ್ನು ರೂಮಿನ ದರಕ್ಕೆ ಕೂಡಿಸಿ ನೋಡಿ. ಎಷ್ಟೋ ಸಲ ಅಗ್ಗ ಅಲ್ಲಿಗೇ ಮುಗಿಯುತ್ತೆ.

ಎರಡು ತುಂಬಿದ ರೂಮೋ, ಮೂರು ಸಾದಾ ರೂಮೋ

ಇದೇ ನಾನು ಗದ್ದಾ ಕಾಸು ಕೊಟ್ಟು ಕಲಿತದ್ದು. ಎಲ್ಲರೂ ರೂಮು ಕಡಿಮೆ ಆದಷ್ಟೂ ಖರ್ಚು ಕಡಿಮೆ ಅಂದುಕೊಳ್ಳುತ್ತಾರೆ. ಯಾವಾಗಲೂ ಹಾಗಲ್ಲ.

ಒಂದು ಉದಾಹರಣೆ ಹಾಕೋಣ. 4,000ದ ಎರಡು ರೂಮು, 8,000. ಮೇಲೆ ಮೂರು ಹಾಸಿಗೆ, ಸಾವಿರದಂತೆ 3,000. ಒಟ್ಟು 11,000. ಒಂಬತ್ತು ಜನಕ್ಕೆ ಎರಡು ಬಾತ್‌ರೂಮು. ಈಗ ಅದೇ ರಸ್ತೆಯಲ್ಲಿ ಈಜುಕೊಳ ಇಲ್ಲದ, ಲಿಫ್ಟ್ ಇಲ್ಲದ ಸಣ್ಣ ಹೋಟೆಲಿನಲ್ಲಿ 3,200ರ ಮೂರು ರೂಮು, 9,600. ಮೂರು ಮಂಚ, ಮೂರು ಬಾತ್‌ರೂಮು, ನೆಲದಲ್ಲಿ ಯಾರೂ ಇಲ್ಲ. ಇಡೀ ದಿನ ನೀರಿನಲ್ಲಿ ಆಡಿ ಬಂದವರಿಗೆ ಹೋಟೆಲಿನ ಈಜುಕೊಳ ಯಾಕೆ ಬೇಕು ಹೇಳಿ? ಮೂರು ರೂಮಿಗೆ ಹೋದಾಗ ನಾವು ಮಾಡಿದ್ದು ಹೀಗೆ: ಅಮ್ಮ ಮತ್ತು ಇಬ್ಬರು ಹೆಣ್ಣು ಮೊಮ್ಮಕ್ಕಳು ನೆಲ ಅಂತಸ್ತಿನಲ್ಲಿ, ಅಣ್ಣ-ಅತ್ತಿಗೆ ಪುಟ್ಟದರ ಜೊತೆ, ನಾವು ಹದಿನಾಲ್ಕರವನ ಜೊತೆ. ರೂಮಿಗೆ ಮೂರರಂತೆ. ರೂಮಿಗೆ ಮೂವರು ಅಂತ ಒಪ್ಪಿದ ಹೋಟೆಲಿನವನು ತಕರಾರು ತೆಗೆಯುವಂತಿಲ್ಲ.

ಲೆಕ್ಕಕ್ಕೆ ತೆರಿಗೆಯನ್ನೂ ಸೇರಿಸಿ. 2025ರ ಸೆಪ್ಟೆಂಬರ್ 22ರಿಂದ ರಾತ್ರಿಗೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ 5%. ಅದರ ಮೇಲೆ ಹೋದರೆ 18%. ಈ ಗೆರೆ ಒಂದೊಂದು ರೂಮಿಗೆ, ಒಟ್ಟು ಬಿಲ್ಲಿಗಲ್ಲ. 6,500ರ ಎರಡು ರೂಮಿಗೆ 13,000, ತೆರಿಗೆ 650, ಒಟ್ಟು 13,650. ಅದೇ 13,000ಕ್ಕೆ ಫ್ಯಾಮಿಲಿ ಸ್ವೀಟ್, ಅಂದರೆ ಇಡೀ ಕುಟುಂಬಕ್ಕೆ ಒಂದೇ ದೊಡ್ಡ ರೂಮು, ತಗೊಂಡರೆ ತೆರಿಗೆಯೇ 2,340, ಒಟ್ಟು 15,340. ಬರೀ ತೆರಿಗೆಯಲ್ಲಿ 1,690 ರೂಪಾಯಿ ಹೆಚ್ಚು. ಫ್ಯಾಮಿಲಿ ಸ್ವೀಟ್ ಅನ್ನುವ ಹೆಸರು ಕೇಳಿ ಮರುಳಾಗುವ ಮೊದಲು ಇದನ್ನು ನೋಡಿ. ರೂಮಿನ ದರ 7,000-7,400 ಇದ್ದು ಮೇಲೆ ಹಾಸಿಗೆ ಸೇರಿಸುವುದಾದರೆ, ಯಾವ ತೆರಿಗೆ ಬೀಳುತ್ತೆ ಅಂತ ಬುಕ್ ಮಾಡುವಾಗಲೇ ಬಾಯಿಬಿಡಿಸಿ.

ಪಕ್ಕ ಪಕ್ಕದ ರೂಮು ಬೇಕು ಅನ್ನುವವರಿಗೆ ಒಂದು ಮಾತು. ಒಳಗಿಂದಲೇ ಬಾಗಿಲು ಇರುವುದು ಕನೆಕ್ಟಿಂಗ್ ರೂಮು. ಬರೀ ಗೋಡೆ ಹಂಚಿಕೊಂಡದ್ದು ಅಕ್ಕಪಕ್ಕದ ರೂಮು, ಅಷ್ಟೆ. ಫೋನಲ್ಲಿ ಎರಡಕ್ಕೂ "ಹಾ ಹಾ" ಅನ್ನುತ್ತಾರೆ. ಚಿಕ್ಕ ಮಕ್ಕಳನ್ನು ಒಂದು ರೂಮಲ್ಲಿ, ಅಪ್ಪ-ಅಮ್ಮನನ್ನು ಇನ್ನೊಂದರಲ್ಲಿ ಮಲಗಿಸುವುದಾದರೆ ಮಾತ್ರ ಕನೆಕ್ಟಿಂಗ್ ಬೇಕು. ಇಲ್ಲವಾದರೆ ಒಂದೇ ಮಹಡಿ ಆದರೆ ಸಾಕು.

ಆ್ಯಪ್‌ನಲ್ಲಿ ನೋಡಿ, ಫೋನಲ್ಲಿ ಮಾತಾಡಿ

ಬುಕಿಂಗ್ ಆ್ಯಪ್‌ಗಳಲ್ಲಿ ನಾವು ಮಾಡುವ ತಪ್ಪು ಒಂದೇ. ಇಬ್ಬರು ದೊಡ್ಡವರು, ಒಂದು ರೂಮು ಅಂತ ಹಾಕಿ ದರ ನೋಡುತ್ತೇವೆ, ಖುಷಿಪಡುತ್ತೇವೆ, "ಉಳಿದವರು ಅಲ್ಲಿ ಹೋದ ಮೇಲೆ ನೋಡೋಣ" ಅನ್ನುತ್ತೇವೆ. ಅಲ್ಲಿ ಹೋದ ಮೇಲೆ ನೋಡುವುದು ಗದ್ದಾ ಹುಡುಗ. ಶುರುವಲ್ಲೇ ಒಂಬತ್ತೂ ಜನರನ್ನು ಹಾಕಿ, ಮಕ್ಕಳ ವಯಸ್ಸು ನಿಜ ಹಾಕಿ. ಮೊದಲು ಎರಡು ರೂಮಿಗೆ, ಆಮೇಲೆ ಮೂರಕ್ಕೆ. ಮೊದಲ ಪುಟದ ಸಂಖ್ಯೆ ತೆರಿಗೆ ಬಿಟ್ಟು, ಒಂದು ರೂಮಿಗೆ ಇರಬಹುದು. ದುಡ್ಡು ಕಟ್ಟುವ ಪುಟದ ತನಕ ಹೋಗಿ ಅಲ್ಲಿನ ಸಂಖ್ಯೆ ಬರೆದುಕೊಳ್ಳಿ.

ನಂತರ ಹೋಟೆಲಿಗೇ ಫೋನ್ ಮಾಡಿ. "ಆ್ಯಪ್‌ನಲ್ಲಿ ಇಷ್ಟು ತೋರಿಸುತ್ತಿದೆ, ಮೂರು ರೂಮು ನೇರ ತಗೊಂಡರೆ ಎಷ್ಟಕ್ಕೆ ಕೊಡುತ್ತೀರಿ?" ಇಷ್ಟೇ. ಆ್ಯಪ್‌ಗೆ ಕಮಿಷನ್ ಕೊಡುವ ಬದಲು ನಿಮಗೆ ಸ್ವಲ್ಪ ಬಿಡುವುದು ಅವರಿಗೂ ಲಾಭ. ದರ ಇಳಿಸದಿದ್ದರೆ ನಾಷ್ಟಾ ಸೇರಿಸಿ ಅನ್ನಿ. ಒಂಬತ್ತು ಜನರ ನಾಷ್ಟಾ ಸಣ್ಣ ಮೊತ್ತವಲ್ಲ. ಮುಂಬೈ ಸುತ್ತ ಶೆಟ್ಟರ ಹೋಟೆಲುಗಳು ಎಲ್ಲಿ ಬೇಕಾದರೂ ಸಿಗುತ್ತವೆ. ಕರಾವಳಿ ಕಡೆಯವರು ಸಿಕ್ಕರೆ ತುಳುವಿನಲ್ಲೋ ಕನ್ನಡದಲ್ಲೋ ನಾಲ್ಕು ಮಾತಾಡಿ. ನನಗೆ ಒಮ್ಮೆ ದರವೇನೂ ಇಳಿಯಲಿಲ್ಲ, ಬೆಳಿಗ್ಗೆ ಅಮ್ಮನಿಗೆ ಒಂದು ಫ್ಲಾಸ್ಕ್ ಬಿಸಿನೀರು ಮಾತ್ರ ಕೇಳದೆ ಬಂತು.

ಮಾತು ಮುಗಿದ ಮೇಲೆ ಎಲ್ಲವನ್ನೂ ಒಂದೇ ವಾಟ್ಸ್ಆ್ಯಪ್ ಮೆಸೇಜಿನಲ್ಲಿ ಕಳಿಸಿ. ನಾನು ಹಿಂದಿಯಲ್ಲಿ ಕಳಿಸುವುದರ ಒಕ್ಕಣೆ ಇದು: "ಭಾನುವಾರ ರಾತ್ರಿ, ಮೂರು ರೂಮು, ಒಂದೇ ಮಹಡಿ, ಅದು ನೆಲ ಅಂತಸ್ತು ಆದರೆ ಒಳ್ಳೆಯದು. ದೊಡ್ಡವರು ಐದು, ಮಕ್ಕಳು 14, 11, 7, 3 ವರ್ಷ. ತೆರಿಗೆ, ನಾಷ್ಟಾ ಸೇರಿ ಒಟ್ಟು ಇಷ್ಟು. ಬೇರೆ ಯಾವ ಚಾರ್ಜೂ ಇಲ್ಲ. ಇಂಥ ದಿನದವರೆಗೆ ರದ್ದು ಮಾಡಿದರೆ ಪೂರ್ತಿ ವಾಪಸ್. ಸರಿ ಇದ್ದರೆ ಹೌದು ಅಂತ ಬರೆಯಿರಿ." ಆ ಒಂದು "ಹೌದು" ರಿಸೆಪ್ಷನ್ನಿನಲ್ಲಿ ನಿಮ್ಮ ಕೈಯಲ್ಲಿರುವ ಕಾಗದ. ಹಾಸಿಗೆ ತಗೊಳ್ಳುವುದಾದರೆ ಮಂಚವೋ ನೆಲದ ಗದ್ದಾವೋ ಅಂತ ಫೋಟೋ ತರಿಸಿಕೊಳ್ಳಿ.

ಬಂಗಲೆ ತಗೊಳ್ಳುವುದಾದರೆ

ಹತ್ತು-ಹನ್ನೆರಡು ಜನ ದಾಟಿದರೆ ಬಂಗಲೆಯೇ ಸರಿ. ಮೂರು ಬೆಡ್‌ರೂಮು, ಹಾಲ್, ಅಡಿಗೆಮನೆ. ಅತ್ತಿಗೆ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಗೆ ಮೊಸರು ತಂದರೆ ರಾತ್ರಿ ಊಟ ಮುಗಿಯಿತು. ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡಲ್ಲ, ಅಲ್ಲಿಯ ಊಟಕ್ಕೆ ಹೇಗೂ ಕೈ ಬಿಸಿಯಾಗಿರುತ್ತೆ.

ಆದರೆ ಅಡ್ವಾನ್ಸ್ ವಿಷಯದಲ್ಲಿ ಎಚ್ಚರ. ಯಾರದೋ ಬಂಗಲೆಯ ಫೋಟೋ ಹಾಕಿ ದುಡ್ಡು ಹಾಕಿಸಿಕೊಂಡು ಫೋನ್ ಆಫ್ ಮಾಡುವ ದಂಧೆ ಲೋಣಾವಳ ಕಡೆ ಹೊಸದಲ್ಲ. ಸಂಬಂಧಿಕರೊಬ್ಬರು ಹೀಗೇ ಎಂಟು ಸಾವಿರ ಕಳೆದುಕೊಂಡರು. ವಿಡಿಯೋ ಕಾಲ್ ಮಾಡಿಸಿ ಗೇಟಿನಿಂದ ಒಳಗಿನ ತನಕ ತೋರಿಸಲು ಹೇಳಿ. ಮ್ಯಾಪ್‌ನಲ್ಲಿ ಜಾಗ ಕಳಿಸಲಿ, ಅಲ್ಲಿ ಜನ ಬರೆದದ್ದನ್ನು, ಹಳೆಯ ಫೋಟೋಗಳನ್ನು ನೋಡಿ. "ಇವತ್ತೇ ಪೂರ್ತಿ ಹಾಕಿ, ಇನ್ನೊಬ್ಬರು ಕಾಯುತ್ತಿದ್ದಾರೆ" ಅಂದರೆ ಆ ಇನ್ನೊಬ್ಬರಿಗೇ ಬಿಟ್ಟುಕೊಡಿ.

ಡೆಪಾಸಿಟ್ ಎಷ್ಟು, ಯಾವಾಗ ವಾಪಸ್? ಗ್ಯಾಸ್, ಪಾತ್ರೆ ಸೇರಿದೆಯಾ? ಕರೆಂಟ್ ಹೋದರೆ ಇನ್ವರ್ಟರ್ ಎಸಿಗೆ ಇಲ್ಲ, ಫ್ಯಾನಿಗಾದರೂ ಇದೆಯಾ? ಈಜುಕೊಳ ಇದ್ದರೆ ಸುತ್ತ ಕಟ್ಟೆಯೋ ಗೇಟೋ ಇದೆಯಾ? ಮೂರು ವರ್ಷದ ಮಗು ಇರುವ ಮನೆಯವಳಾಗಿ ನಾನು ಗೇಟಿಲ್ಲದ ಕೊಳದ ಬಂಗಲೆಯನ್ನು ಎಷ್ಟೇ ಅಗ್ಗವಾದರೂ ಬಿಟ್ಟಿದ್ದೇನೆ.

ಹೊರಡುವ ದಿನ

ದೊಡ್ಡವರೆಲ್ಲರ ಗುರುತಿನ ಚೀಟಿ ಬೇಕು, ಬುಕ್ ಮಾಡಿದವರದ್ದು ಮಾತ್ರ ಸಾಲದು. ಅಮ್ಮನ ಆಧಾರ್ ಹುಬ್ಬಳ್ಳಿಯ ಕಪಾಟಿನಲ್ಲೇ ಉಳಿದಿತ್ತು ಒಮ್ಮೆ. ಹುಬ್ಬಳ್ಳಿ-ದಾದರ್ ರೈಲಿನಿಂದ ಕಲ್ಯಾಣದಲ್ಲಿ ಇಳಿದ ಮೇಲೆ ನೆನಪಾಯಿತು. ಪಕ್ಕದ ಮನೆಯವರಿಗೆ ಫೋನ್ ಮಾಡಿ, ಬೀಗ ತೆಗೆಸಿ, ಫೋಟೋ ತರಿಸಿದೆವು. ಮಕ್ಕಳ ವಯಸ್ಸಿಗೆ ಶಾಲೆಯ ಐಡಿ ಕಾರ್ಡ್ ಫೋಟೋ ಫೋನಲ್ಲಿರಲಿ, ಐದು ವರ್ಷದ ಹೊಸ್ತಿಲಲ್ಲಿರುವವರಿಗಂತೂ ಇರಲೇಬೇಕು.

ಪಾರ್ಕಿನಿಂದ ಹೊರಡುವಾಗ ಹೋಟೆಲಿಗೆ ಒಂದು ಫೋನ್ ಹಾಕಿ, ಅರ್ಧ ಗಂಟೆಯಲ್ಲಿ ಬರುತ್ತೇವೆ ಅಂತ. ಹೋದೊಡನೆ ಒಬ್ಬರು ಕೌಂಟರಿನಲ್ಲಿ ನಿಲ್ಲಿ, ಇನ್ನೊಬ್ಬರು ಮೂರೂ ರೂಮಿಗೆ ಹೋಗಿ ಎಸಿ, ಬಿಸಿನೀರು, ಬಾತ್‌ರೂಮಿನ ಚಿಲಕ ನೋಡಿಬರಲಿ. ಸಾಮಾನು ಬಿಚ್ಚುವ ಮೊದಲೇ ರೂಮು ಬದಲಿಸಿ ಕೇಳುವುದು ಸುಲಭ. ಹೆಚ್ಚಿನ ಹಾಸಿಗೆ ಹೇಳಿದ್ದರೆ ಊಟಕ್ಕೆ ಹೋಗುವ ಮೊದಲು ಹಾಕಿಸಿಬಿಡಿ, ಎರಡು ಬೆಡ್‌ಶೀಟ್ ಜಾಸ್ತಿ ಕೇಳಿ. ಹತ್ತು ಗಂಟೆಯ ಮೇಲೆ ರೂಮ್ ಬಾಯ್ ಫೋನ್ ಎತ್ತಲ್ಲ.